ಹೈಸ್ಕೂಲ್ ಮಕ್ಳಿಗೆ ನಾಟಕ ಕಲಿಸುದು ಹೇಗೆ: ಸ್ಕ್ರಿಪ್ಟ್ ಕೈಗೆ ಕೊಡುವ ಮೊದ್ಲಿಂದ ಪರದೆ ಬೀಳುವವರೆಗೆ

ಕೇರಳದ ಶಾಲಾ ಮಕ್ಳ ಕಲಾ ಸ್ಪರ್ಧೆ ಕಲೋತ್ಸವ ಹತ್ತಿರ ಬಂತು ಅಂದ್ರೆ ಕಾಸರಗೋಡು ಜಿಲ್ಲೆಯ ಮಂಜೇಶ್ವರ, ಕುಂಬಳೆ, ಬದಿಯಡ್ಕ ಕಡೆಯ ಕನ್ನಡ ಟೀಚರ್‌ಗಳು ಹೇಳುವ ಕಷ್ಟ ಹೆಚ್ಚುಕಮ್ಮಿ ಒಂದೇ. ಮಕ್ಳಿಗೆ ಡೈಲಾಗ್ ಎಲ್ಲ ಬಾಯಿಪಾಠ ಉಂಟು, ಒಂದಕ್ಷರ ತಪ್ಪುದಿಲ್ಲ, ಆದ್ರೆ ಸ್ಟೇಜಿಗೆ ಹತ್ತಿದ ಕೂಡ್ಲೇ ಸಾಲಾಗಿ ನಿಂತು ಪದ್ಯ ಒಪ್ಪಿಸಿದ ಹಾಗೆ ಒಪ್ಪಿಸಿ ಬರ್ತಾರೆ. ಹಿಂದೆ ಕೂತವರಿಗೆ ಎಂತ ಕೂಡ ಕೇಳುದಿಲ್ಲ. ಎಷ್ಟು ತಾಲೀಮು ಮಾಡಿಸಿದ್ರೂ ಅಷ್ಟೇ, ಮುಂದಿನ ವರ್ಷ ಬೇರೆ ಮಕ್ಳು, ಮತ್ತೆ ಅದೇ ಕಥೆ.

ಇದು ಮಕ್ಳ ತಪ್ಪಲ್ಲ, ಟೀಚರ್ ಕಡಿಮೆ ಕಷ್ಟಪಟ್ಟದ್ದೂ ಅಲ್ಲ. ಕ್ರಮ ಉಲ್ಟಾ ಆಗಿರ್ತದೆ. ಮೊದಲ ದಿನವೇ ಸ್ಕ್ರಿಪ್ಟಿನ ಜೆರಾಕ್ಸ್ ಹಂಚುದು, ಪಾತ್ರ ಕೊಡುದು, ಸೋಮವಾರದ ಒಳಗೆ ಕಲಿತು ಬನ್ನಿ ಅಂತ ಹೇಳುದು, ಮತ್ತೆ ಆ ಮಾತಿಗೆ ಆ್ಯಕ್ಷನ್ ಅಂಟಿಸುದು, ಕೊನೆಯ ವಾರ "ಜೋರಾಗಿ ಹೇಳು, ಜೋರಾಗಿ ಹೇಳು" ಅಂತ ಬೊಬ್ಬೆ ಹಾಕುದು. ಇದನ್ನು ಪೂರ್ತಿ ತಿರುಗಿಸ್ಬೇಕು. ಮೊದ್ಲು ಮೈ ಮತ್ತು ಕಿವಿ, ಆಮೇಲೆ ಉಸಿರು ಮತ್ತು ಸ್ವರ, ಆಮೇಲೆ ಮಕ್ಳ ಸ್ವಂತ ಮಾತು, ಅದಾದ ಮೇಲೆ ಸ್ಕ್ರಿಪ್ಟು, ಎಲ್ಲಕ್ಕಿಂತ ಕೊನೆಗೆ ಬಾಯಿಪಾಠ. ಕೆಳಗಿರುದು ಎಂಟು, ಒಂಬತ್ತು, ಹತ್ತನೇ ಕ್ಲಾಸಿನ ಮಕ್ಳನ್ನು ಮನಸ್ಸಲ್ಲಿ ಇಟ್ಟು ಬರೆದದ್ದು. ಸ್ಪರ್ಧೆಗೆ ಹೋಗುದಿಲ್ಲ, ಶಾಲೆಯಲ್ಲೇ ಒಂದು ನಾಟಕ ಕ್ಲಬ್ ನಡೆಸುದು ಅಂತಾದ್ರೂ ಇದೇ ಕ್ರಮ ನಡೀತದೆ.

1. ಶುರು ಮಾಡುವ ಮೊದ್ಲು: ಜಾಗ, ಸಮಯ, ಪರ್ಮಿಷನ್

ಕೇರಳದ ಶಾಲಾ ಕಲೋತ್ಸವ 1957ರಿಂದ ನಡ್ಕೊಂಡು ಬಂದದ್ದು, ಶಾಲೆ, ಉಪಜಿಲ್ಲೆ, ರೆವೆನ್ಯೂ ಜಿಲ್ಲೆ, ರಾಜ್ಯ ಅಂತ ಮೆಟ್ಟಿಲು. ನಾಟಕಕ್ಕೆ 30 ನಿಮಿಷ, ಸ್ಟೇಜ್ ಮೇಲೆ ಹೆಚ್ಚೆಂದ್ರೆ 10 ಮಕ್ಳು. ಆದ್ರೂ ಆ ವರ್ಷದ ಮ್ಯಾನ್ಯುವಲ್ ಒಮ್ಮೆ ತೆಗೆದು ನೀವೇ ಓದಿ, ಬಾಯಿಮಾತಿಗೆ ಹೋಗ್ಬೇಡಿ, ನಿಯಮ ಬದಲಾದದ್ದು ಗೊತ್ತಾಗದೆ ಅಲ್ಲಿ ಹೋಗಿ ಜಗಳ ಮಾಡಿ ಪ್ರಯೋಜನ ಇಲ್ಲ.

ಹತ್ತು ಮಕ್ಳು ಬೇಕು ಅಂತ ಹತ್ತೇ ಮಕ್ಳನ್ನು ತಗೊಳ್ಬೇಡಿ. ಇಪ್ಪತ್ತು ಮಕ್ಳಿಂದ ಶುರು ಮಾಡಿ. ಕೆಲವರು ತಾವಾಗಿ ಬಿಡ್ತಾರೆ, ಕೆಲವರಿಗೆ ಮನೆಯಲ್ಲಿ ಬಿಡುದಿಲ್ಲ, ಇನ್ನು ಕೆಲವರಿಗೆ ಬೆಳಕು, ಸಂಗೀತ, ಪರಿಕರ ಇದ್ರಲ್ಲೇ ಹೆಚ್ಚು ಆಸಕ್ತಿ ಅಂತ ಆಮೇಲೆ ಗೊತ್ತಾಗ್ತದೆ.

ಬೇಕಾದ ಸಾಮಾನು ಹೆಚ್ಚಿಲ್ಲ. ಬೆಂಚು ಡೆಸ್ಕು ಬದಿಗೆ ಸರಿಸಿದ ಒಂದು ಕ್ಲಾಸ್‌ರೂಮು, ಚಾಕ್‌ಪೀಸಿನ ಗೆರೆ ಅಳಿಸಿ ಹೋಗುವ ನೆಲ ಆದ್ರೆ ಗುರುತು ಹಾಕ್ಲಿಕ್ಕೆ ಬಣ್ಣದ ಟೇಪು, ಎರಡು ಬೆಂಚು, ನಾಲ್ಕು ಸ್ಟೂಲು, ಹಳೇ ಬೆಡ್‌ಶೀಟು ಒಂದೆರಡು, ತಾಳ ಹಾಕ್ಲಿಕ್ಕೆ ಒಂದು ತಮಟೆಯೋ ಖಾಲಿ ಡಬ್ಬವೋ, ಟೈಮ್ ನೋಡ್ಲಿಕ್ಕೆ ಮೊಬೈಲು, ಮತ್ತೆ ನಿಮಗೊಂದು ಉದ್ದದ ನೋಟ್‌ಬುಕ್ಕು. ಈ ನೋಟ್‌ಬುಕ್ ಇಲ್ಲದೆ ಶುರುವೇ ಮಾಡ್ಬೇಡಿ, ಯಾಕೆ ಅಂತ ಏಳನೇ ಹಂತದಲ್ಲಿ ಹೇಳ್ತೇನೆ.

ಸಮಯದ ವಿಷಯದಲ್ಲಿ ಸ್ವಲ್ಪ ಗಟ್ಟಿ ಇರಿ. ವಾರಕ್ಕೆ ಎರಡು ದಿನ, ಬೆಲ್ ಆದ ಮೇಲೆ ಒಂದು ಗಂಟೆ ಸಾಕು, ಆದ್ರೆ ಜೂನ್‌ನಿಂದಲೇ. ಕಲೋತ್ಸವದ ಹಿಂದಿನ ಹದಿನೈದು ದಿನ ರಾತ್ರಿವರೆಗೆ ಕೂರಿಸುದಕ್ಕಿಂತ ಇದು ಎಷ್ಟೋ ವಾಸಿ. ಪೆರ್ಲ, ಮುಳ್ಳೇರಿಯ, ಅಡೂರು ಕಡೆಯ ಮಕ್ಳಿಗೆ ಒಂದು ಬಸ್ಸು ತಪ್ಪಿದ್ರೆ ಮತ್ತೊಂದು ಯಾವಾಗ ಅಂತ ನಮಗೆಲ್ಲ ಗೊತ್ತುಂಟು, ಹಾಗಾಗಿ ಯಾವ ಮಗು ಯಾವ ಬಸ್ಸಿಗೆ ಅಂತ ಪಟ್ಟಿ ಮಾಡಿ ಗೋಡೆಗೆ ಅಂಟಿಸಿ. ಮನೆಯವರ ಸಹಿ ಇರುವ ಒಪ್ಪಿಗೆ ಪತ್ರ ತಗೊಳ್ಳಿ, ಹೆಡ್‌ಮಾಸ್ಟರಿಗೆ ದಿನ-ಗಂಟೆ ಬರೆದು ಕೊಡಿ, ತಾಲೀಮಿನ ಹೊತ್ತಿಗೆ ಒಬ್ರು ಲೇಡಿ ಟೀಚರ್ ಇರ್ಲೇಬೇಕು. ಮಕ್ಳ ಕೈಕಾಲು ಹಿಡಿದು ಪೊಸಿಷನ್ ಸರಿ ಮಾಡುವ ಅಭ್ಯಾಸ ಕೆಲವು ತರಬೇತುದಾರರಿಗೆ ಉಂಟು, ಅದು ಬೇಡ. ಬಾಯಲ್ಲಿ ಹೇಳಿದ್ರೆ ಮಕ್ಳಿಗೆ ಅರ್ಥ ಆಗ್ತದೆ.

2. ಮೈ ಮತ್ತು ಕಿವಿ: ಮಳೆಗಾಲದ ಕೆಲಸ

ಜೂನ್, ಜುಲೈಯಲ್ಲಿ ಶೀಟಿನ ಮಾಡಿನ ಕೆಳಗೆ ಸ್ವರದ ಅಭ್ಯಾಸ ಮಾಡಿಸ್ಲಿಕ್ಕೆ ಹೋದ್ರೆ ಮಳೆಯ ಶಬ್ದದ ಜೊತೆ ಮಕ್ಳು ಪೈಪೋಟಿಗೆ ಬಿದ್ದು ಗಂಟಲು ಹಾಳು ಮಾಡ್ಕೊಳ್ತಾರೆ. ಹಾಗಾಗಿ ಈ ಎರಡು ತಿಂಗಳು ಮಾತೇ ಇಲ್ಲದ ಕೆಲಸ ಮಾಡಿಸಿ.

ಶುರುವಿಗೆ ನಡೆಯುದು. ರೂಮಿನ ತುಂಬ ನಡೀರಿ, ಯಾರಿಗೂ ತಾಗ್ಬಾರ್ದು, ಖಾಲಿ ಜಾಗ ಕಂಡಲ್ಲಿಗೆ ಹೋಗಿ. ತಮಟೆಗೆ ಪೆಟ್ಟು ಬಿದ್ದ ಕೂಡ್ಲೇ ನಿಲ್ಲುದು. ನಿಂತಾಗ ಹುಡುಗರು ಒಂದು ಮೂಲೆಯಲ್ಲಿ, ಹುಡುಗಿಯರು ಇನ್ನೊಂದು ಮೂಲೆಯಲ್ಲಿ ಗುಂಪಾಗಿರ್ತಾರೆ, ಮೊದಲ ವಾರ ಇದು ಗ್ಯಾರಂಟಿ. ಬೈಬೇಡಿ, ರೂಮಿನ ಎಲ್ಲ ಭಾಗಕ್ಕೂ ಸಮ ಭಾರ ಬೀಳುವ ಹಾಗೆ ನಿಲ್ಲಿ ಅಂತ ಮಾತ್ರ ಹೇಳಿ. ಇದನ್ನು ಕಲಿತ ಮಕ್ಳು ಸ್ಟೇಜಲ್ಲಿ ಸಾಲಾಗಿ ನಿಲ್ಲುದಿಲ್ಲ. ಮತ್ತೆ ತಮಟೆ ಬೇಡ, ಯಾರೂ ಹೇಳದೆ ಎಲ್ರೂ ಒಟ್ಟಿಗೆ ನಿಲ್ಬೇಕು, ಒಟ್ಟಿಗೆ ಹೊರಡ್ಬೇಕು. ಶುರುವಿಗೆ ಆಗುದೇ ಇಲ್ಲ. ಆಗ್ಲಿಕ್ಕೆ ಶುರುವಾದ ದಿನ ಮಕ್ಳು ಒಬ್ರನ್ನೊಬ್ರು ನಿಜವಾಗಿ ಗಮನಿಸ್ಲಿಕ್ಕೆ ಶುರು ಮಾಡಿದ್ದಾರೆ ಅಂತ ಲೆಕ್ಕ.

ಎರಡನೆಯದು ಇಲ್ಲದ ವಸ್ತುವನ್ನು ಹಿಡಿಯುದು. ಬಾವಿಯಿಂದ ನೀರು ಸೇದುದು, ತುಂಬಿದ ಕೊಡಪಾನ ಸೊಂಟಕ್ಕೆ ಇಟ್ಟು ಮೆಟ್ಟಿಲು ಹತ್ತುದು. ಇಲ್ಲಿ ಹತ್ತಿರ ಹೋಗಿ ನೋಡಿ. ಹಗ್ಗ ಎಳೆಯುವಾಗ ಎಡಗೈ ಬಲಗೈಯ ಮೇಲೆ ಬರುವಷ್ಟರಲ್ಲಿ ಬಲಗೈ ಬಿಟ್ಟುಬಿಟ್ರೆ ಹಗ್ಗ ಕೆಳಗೆ ಹೋಗ್ಬೇಕಲ್ವಾ? ಕೊಡಪಾನ ಕೆಳಗಿಟ್ಟ ಮೇಲೆ ಸೊಂಟ ನೆಟ್ಟಗಾಗ್ಬೇಕು, ಉಸಿರು ಹೊರಗೆ ಬರ್ಬೇಕು. "ಕೊಡ ಎಷ್ಟು ದೊಡ್ಡದು? ಒದ್ದೆ ಉಂಟಾ? ಜಾರ್ತದಾ?" ಅಂತ ಪ್ರಶ್ನೆ ಮಾತ್ರ ಕೇಳಿ. ನೀವು ಮಾಡಿ ತೋರಿಸ್ಬೇಡಿ. ಈ ಇಡೀ ಬರಹದಲ್ಲಿ ಒಂದೇ ಒಂದು ಮಾತು ನೆನಪಿಟ್ಟುಕೊಳ್ಳುದಾದ್ರೆ ಇದನ್ನೇ ಇಟ್ಟುಕೊಳ್ಳಿ: ನೀವು ಮಾಡಿ ತೋರಿಸಿದ ದಿನ ಮಗು ಪಾತ್ರವನ್ನು ಬಿಟ್ಟು ನಿಮ್ಮನ್ನು ಅಭಿನಯಿಸ್ಲಿಕ್ಕೆ ಶುರು ಮಾಡ್ತದೆ, ಹತ್ತು ಮಕ್ಳು ಹತ್ತು ಸಣ್ಣ ಸಣ್ಣ ಮಾಷ್ಟ್ರುಗಳಾಗ್ತಾರೆ.

ಯಕ್ಷಗಾನ ಕಲಿತ ಮಕ್ಳು ನಿಮ್ಮಲ್ಲಿ ಇದ್ದೇ ಇರ್ತಾರೆ, ಯಕ್ಷಗಾನದ ಕವಿ ಪಾರ್ತಿಸುಬ್ಬನ ಊರು ಇದು. ಅವ್ರಿಗೆ ತಾಳ ಗೊತ್ತುಂಟು, ಸ್ಟೇಜಿನ ಹೆದರಿಕೆ ಇಲ್ಲ, ಮೈಯಲ್ಲಿ ಶಕ್ತಿ ಉಂಟು. ಆದ್ರೆ ಕೋಪ ಬಂದ ಕೂಡ್ಲೇ ಹುಬ್ಬು ಮೇಲೆ, ಸ್ವರ ಒಡ್ಡೋಲಗದ್ದು, ಅಂದ್ರೆ ಯಕ್ಷಗಾನದ ವೇಷ ಅಬ್ಬರದಿಂದ ಪ್ರವೇಶ ಮಾಡುವಾಗಿನದ್ದು. ಅದನ್ನು ತಪ್ಪು ಅಂತ ಹೇಳಿ ಆ ಮಗುವಿನ ಧೈರ್ಯ ಕೆಡಿಸ್ಬೇಡಿ. ಅದೇ ಕೋಪವನ್ನು ಒಮ್ಮೆ ರಾವಣನ ಅಳತೆಯಲ್ಲಿ ಮಾಡಿಸಿ, ಮತ್ತೆ ಅದರ ಅರ್ಧ ಮಾಡು, ಮತ್ತೂ ಅರ್ಧ ಮಾಡು, ಕೊನೆಗೆ ಕಣ್ಣಲ್ಲಿ ಮಾತ್ರ ಇಟ್ಕೋ ಅಂತ ಹೇಳಿ. ಬೇರೆ ಮಕ್ಳಿಗಿಂತ ಚೆಂದ ಮಾಡ್ತಾರೆ.

ಎಚ್ಚರಿಕೆ: ಒಂದು ಮಗು ಪ್ರತಿ ಸಲ ಮಾಡಿದ ಕೂಡ್ಲೇ ನಿಮ್ಮ ಮುಖ ನೋಡ್ತದಾದ್ರೆ ಅದು ನಿಮ್ಮ ಮೆಚ್ಚುಗೆಗೆ ಆಡ್ತಾ ಉಂಟು ಅಂತ ಅರ್ಥ. ನೀವು ಮಕ್ಳ ಎದುರಿಂದ ಎದ್ದು ರೂಮಿನ ಹಿಂದೆ ಹೋಗಿ ನಿಂತ್ಕೊಳ್ಳಿ.

3. ಉಸಿರು ಮತ್ತು ಸ್ವರ

ಮಳೆ ಸ್ವಲ್ಪ ಬಿಟ್ಟ ಮೇಲೆ ಇದು. ಅಂಗೈ ಹೊಟ್ಟೆ ಮೇಲೆ ಇಟ್ಟು ನಿಲ್ಲಿಸಿ. ಉಸಿರು ತಗೊಂಡಾಗ ಹೆಗಲು ಮೇಲೆ ಹೋಗ್ತದಾ, ಹೊಟ್ಟೆ ಮುಂದೆ ಬರ್ತದಾ ನೋಡಿ. ಹೆಚ್ಚಿನವರದ್ದು ಹೆಗಲೇ ಹೋಗುದು. ನೆಲದಲ್ಲಿ ಅಂಗಾತ ಮಲಗಿಸಿ ಹೊಟ್ಟೆ ಮೇಲೆ ಒಂದು ಪುಸ್ತಕ ಇಡಿ, ಪುಸ್ತಕ ಏರಿ ಇಳಿಯುದು ಅವ್ರಿಗೇ ಕಾಣ್ತದೆ, ಅದೇ ಉಸಿರನ್ನು ಮತ್ತೆ ಕೂತು, ಮತ್ತೆ ನಿಂತು, ಮತ್ತೆ ನಡೀತಾ ಮಾಡಿಸಿ. ಆಮೇಲೆ ಬಾಯಿ ಮುಚ್ಚಿ ಮ್‌ಮ್‌ಮ್ ಅಂತ ಗುಂಯ್‌ಗುಟ್ಟಿಸುದು, ತುಟಿ ಬ್ರ್‌ರ್ ಅಂತ ಅದುರಿಸುದು, ದವಡೆ ಸಡಿಲ ಬಿಡುದು. ಇದೆಲ್ಲ ಹತ್ತು ನಿಮಿಷದ ಕೆಲಸ, ಪ್ರತಿ ತಾಲೀಮಿನ ಮೊದ್ಲು ಮಾಡ್ಲೇಬೇಕು.

"ಜೋರಾಗಿ ಹೇಳು" ಅಂತ ಹೇಳುದನ್ನೇ ಬಿಟ್ಬಿಡಿ. ಹಾಗೆ ಹೇಳಿದ್ರೆ ಮಗು ಗಂಟಲಿಂದ ಕಿರುಚ್ತದೆ, ಶ್ರುತಿ ಮೇಲೆ ಹೋಗ್ತದೆ, ಮಾತು ಮತ್ತೂ ಅಸ್ಪಷ್ಟ ಆಗ್ತದೆ. ಬದಲಿಗೆ ಒಬ್ಬನನ್ನು ಗ್ರೌಂಡಿನ ಆಚೆ ಬದಿಯಲ್ಲಿ ನಿಲ್ಲಿಸಿ, ಅವನಿಗೆ ಒಂದು ಸುದ್ದಿ ಮುಟ್ಟಿಸು ಅಂತ ಹೇಳಿ. ಸಿಟ್ಟಿಲ್ಲದೆ, ಕಿರುಚದೆ, ಅವನಿಗೆ ಮುಟ್ಬೇಕು. ಮುಟ್ಟಿದ್ರೆ ಅವನು ಕೈ ಎತ್ತುದು. ಯಾರಿಗೆ ಹೇಳುದು ಅಂತ ಗೊತ್ತಿದ್ರೆ ಸ್ವರ ತಾನಾಗಿ ಅಲ್ಲಿಗೆ ಹೋಗ್ತದೆ.

ಮತ್ತೊಂದು ದೊಡ್ಡ ತೊಂದರೆ ಉಂಟು, ನಮ್ಮ ಜಿಲ್ಲೆಯಲ್ಲಿ ಇದನ್ನು ಬಿಟ್ಟು ಮುಂದೆ ಹೋಗ್ಲಿಕ್ಕೆ ಆಗುದಿಲ್ಲ. ಕನ್ನಡದಲ್ಲಿ ಕ್ರಿಯಾಪದ ಬರುದು ವಾಕ್ಯದ ಕೊನೆಯಲ್ಲಿ. ಇಲ್ಲ, ಬೇಡ, ಅಲ್ಲ ಎಲ್ಲ ಬರುದೂ ಕೊನೆಯಲ್ಲಿ. ಮಕ್ಳ ಉಸಿರು ಮುಗಿಯುದೂ ಅಲ್ಲೇ. "ನಾನು ಇವತ್ತು ಅಕ್ಕಿ ತಗೊಳ್ಳದೆ ಮನೆಗೆ ಹೋಗುದಿಲ್ಲ" ಅಂತ ಒಬ್ಬ ಅಜ್ಜಿ ಹೇಳುವ ಮಾತಲ್ಲಿ ಕೊನೆಯ ಎರಡಕ್ಷರ ನುಂಗಿದ್ರೆ ಅಜ್ಜಿ ಹೊರಟೇಹೋದ್ಳು ಅಂತ ಆಗ್ತದೆ. ಅದರ ಮೇಲೆ ತುಳು, ಮಲಯಾಳ ಎರಡರಲ್ಲೂ ಪದದ ಕೊನೆಗೆ ಅರ್ಧ ಉಕಾರ ಉಂಟಲ್ವಾ, ಮನೆಯಲ್ಲಿ ಅದೇ ಮಾತಾಡುವ ಮಕ್ಳು ಕನ್ನಡದ ಬಂತು, ಹೋಯ್ತು, ಮಾಡು ಇವನ್ನೂ ಅರ್ಧದಲ್ಲೇ ಬಿಡ್ತಾರೆ. ಮನೆಯಲ್ಲಿ ಅದು ತಪ್ಪೇ ಅಲ್ಲ, ಸ್ಟೇಜಲ್ಲಿ ಮಾತ್ರ ಮೂರನೇ ಸಾಲಿನ ಆಚೆಗೆ ಕೇಳುದಿಲ್ಲ. ಅಭ್ಯಾಸ ಹೀಗೆ: ಪ್ರತಿ ವಾಕ್ಯದ ಕೊನೆಯ ಪದ ಹೇಳುವಾಗ ಒಂದು ಹೆಜ್ಜೆ ಮುಂದೆ ಇಡ್ಬೇಕು. ಕಾಲು ಮುಂದೆ ಹೋಗುವಾಗ ಸ್ವರ ಹಿಂದೆ ಬೀಳುದಿಲ್ಲ. ಅಭ್ಯಾಸ ಆದ ಮೇಲೆ ಹೆಜ್ಜೆ ತೆಗೀರಿ.

ಮಹಾಪ್ರಾಣಕ್ಕೆ ಮುಖದ ಎದುರು ಅಂಗೈ ಹಿಡಿಸಿ. ಬ ಹೇಳುವಾಗಿನದಕ್ಕಿಂತ ಭ ಹೇಳುವಾಗ ಹೆಚ್ಚು ಗಾಳಿ ತಾಗ್ಬೇಕು. ಆದ್ರೆ ಪಾತ್ರ ಹಳ್ಳಿಯ ಅಜ್ಜಿಯದ್ದಾದ್ರೆ ಅವಳ ಬಾಯಲ್ಲಿ ಮಹಾಪ್ರಾಣ ತುರುಕ್ಬೇಡಿ, ಪಾತ್ರ ಯಾರು ಅಂತ ನೋಡಿ ತಿದ್ದಿ.

ಎಚ್ಚರಿಕೆ: ಎಂಟು, ಒಂಬತ್ತನೇ ಕ್ಲಾಸಿನ ಹುಡುಗರಿಗೆ ಸ್ವರ ಒಡೆಯುವ ಪ್ರಾಯ. ಅವ್ರಿಗೆ ದೊಡ್ಡ ಸ್ವರದ ಪಾತ್ರ ಕೊಟ್ಟು ಒತ್ತಾಯ ಮಾಡ್ಬೇಡಿ, ಸ್ವರ ಜಾರಿದಾಗ ನಗ್ಲಿಕ್ಕೆ ಯಾರಿಗೂ ಬಿಡ್ಬೇಡಿ. ಗಂಟಲು ಕೂತವರಿಗೆ ಪಿಸುಮಾತಿನಲ್ಲಿ ಅಭ್ಯಾಸ ಮಾಡಿಸುದೂ ತಪ್ಪು, ಪಿಸುಮಾತಿಂದಲೂ ಗಂಟಲಿಗೆ ಆಯಾಸ ಆಗ್ತದೆ. ಮಾತು ಬಿಡಿಸಿ, ನೀರು ಕುಡಿಸಿ, ಎರಡು ಮೂರು ವಾರ ಆದ್ರೂ ಸರಿ ಆಗದಿದ್ರೆ ಇ.ಎನ್.ಟಿ. ಡಾಕ್ಟರಿಗೆ ತೋರಿಸ್ಲಿಕ್ಕೆ ಮನೆಯವರಿಗೆ ಹೇಳಿ.

4. ಸ್ವಂತ ಮಾತು: ಮನೆ ಭಾಷೆಯಿಂದ ಕನ್ನಡಕ್ಕೆ

ಹೆಚ್ಚಿನವರು ಬಿಟ್ಟು ಹಾರುವ ಹಂತ ಇದು, ಎಲ್ಲ ತೊಂದರೆಗೂ ಮೂಲ ಇಲ್ಲೇ ಇರುದು. ನಮ್ಮ ಕನ್ನಡ ಮೀಡಿಯಂ ಕ್ಲಾಸಲ್ಲಿ ಮನೆಯಲ್ಲಿ ತುಳು ಮಾತಾಡುವವರು, ಬ್ಯಾರಿ, ಮಲಯಾಳ, ಮರಾಠಿ, ಕೊಂಕಣಿ, ಹವ್ಯಕ ಮಾತಾಡುವವರು ಒಟ್ಟಿಗೆ ಕೂತಿರ್ತಾರೆ. ಅವ್ರಿಗೆ ಸಿಟ್ಟು ಬರುದು, ಅಳು ಬರುದು, ತಮಾಷೆ ಹೊಳೆಯುದು ಆ ಭಾಷೆಯಲ್ಲಿ. ಪುಸ್ತಕದ ಕನ್ನಡವನ್ನು ಸೀದಾ ಬಾಯಿಗೆ ಹಾಕಿದ್ರೆ ಮಾತು ಮಾತ್ರ ಬರ್ತದೆ, ಹಿಂದಿನ ಭಾವ ಮನೆಯಲ್ಲೇ ಬಾಕಿ.

ಒಂದು ಸಂದರ್ಭ ಕೊಡಿ. ರೇಷನ್ ಅಂಗಡಿ. ಅಜ್ಜಿಯ ಹೆಬ್ಬೆಟ್ಟು ಮೆಷಿನ್ ಹಿಡಿಯುದಿಲ್ಲ. ಅಂಗಡಿಯವನಿಗೆ ಬಾಗಿಲು ಹಾಕುವ ಹೊತ್ತಾಯ್ತು. ಹಿಂದೆ ನಿಂತ ಹುಡುಗನಿಗೆ ಬಸ್ಸು ತಪ್ತದೆ. ಕಥೆ ಇಷ್ಟೇ. ಮೂವರಿಗೂ ಎಂತ ಬೇಕು ಅಂತ ಮಾತ್ರ ಒಬ್ಬೊಬ್ಬರ ಕಿವಿಯಲ್ಲಿ ಹೇಳಿ, ಡೈಲಾಗ್ ಕೊಡ್ಬೇಡಿ. ಅಜ್ಜಿಗೆ ಇವತ್ತೇ ಅಕ್ಕಿ ಬೇಕು, ಮನೆಯಲ್ಲಿ ಒಂದು ಮುಷ್ಟಿ ಕೂಡ ಇಲ್ಲ, ಆದ್ರೆ ಅದನ್ನು ನಾಲ್ಕು ಜನರ ಎದುರು ಹೇಳ್ಲಿಕ್ಕೆ ಅವಳಿಗೆ ಮರ್ಯಾದೆ ಅಡ್ಡ ಬರ್ತದೆ. ಅಂಗಡಿಯವನಿಗೆ ಸಹಾಯ ಮಾಡ್ಲಿಕ್ಕೆ ಮನಸ್ಸುಂಟು, ಮೆಷಿನ್ ಒಪ್ಪದೆ ಕೊಟ್ರೆ ನಾಳೆ ಅವನಿಗೇ ತೊಂದರೆ. ಹುಡುಗನಿಗೆ ಅಜ್ಜಿಯ ಗುರ್ತ ಉಂಟು, ಬಾಯಿ ಬಿಟ್ಟು ಜೋರು ಮಾಡ್ಲಿಕ್ಕೆ ಆಗುದಿಲ್ಲ.

ಮೊದಲ ಸುತ್ತು ಅವರವರ ಮನೆ ಭಾಷೆಯಲ್ಲಿ ಆಗ್ಲಿ. ಅಜ್ಜಿ ತುಳುವಲ್ಲಿ, ಅಂಗಡಿಯವ ಮಲಯಾಳದಲ್ಲಿ, ಹುಡುಗ ಎರಡನ್ನೂ ಬೆರಕೆ ಮಾಡಿ. ಇದು ನಮ್ಮಲ್ಲಿ ದಿನಾ ನಡೆಯುವ ಮಾತುಕತೆಯೇ ಅಲ್ವಾ. ಕ್ಲಾಸಲ್ಲಿ ಬಾಯೇ ಬಿಡದ ಮಗು ಇಲ್ಲಿ ಪಟಪಟ ಮಾತಾಡುದನ್ನು ನೀವು ನೋಡ್ತೀರಿ. ಎರಡನೇ ಸುತ್ತು ಮಾತೇ ಇಲ್ಲದೆ, ಅದೇ ದೃಶ್ಯ: ಅಜ್ಜಿ ಹೆಬ್ಬೆಟ್ಟನ್ನು ಸೆರಗಿಗೆ ಒರೆಸಿ ಮತ್ತೆ ಇಡುದು, ಅಂಗಡಿಯವ ಮೆಷಿನ್ ತಿರುಗಿಸಿ ನೋಡುದು, ಹುಡುಗ ರಸ್ತೆ ಕಡೆ ಕತ್ತು ಚಾಚುದು. ಮೂರನೇ ಸುತ್ತಿಗೆ ಕನ್ನಡ. ಆಗ ಕನ್ನಡ ಮಾತು ಪುಸ್ತಕದಿಂದ ಬರುದಿಲ್ಲ, ಆ ಹೆಬ್ಬೆಟ್ಟಿಂದ ಬರ್ತದೆ.

ತಾಳಮದ್ದಳೆ ಕೂಟ, ಅಂದ್ರೆ ವೇಷ ಕುಣಿತ ಇಲ್ಲದೆ ಕೂತು ಮಾತಲ್ಲೇ ನಡೆಸುವ ಯಕ್ಷಗಾನ, ಹತ್ತಿರ ಎಲ್ಲಾದ್ರೂ ಇದ್ರೆ ಮಕ್ಳನ್ನು ಕರ್ಕೊಂಡು ಹೋಗಿ. ಅಲ್ಲಿ ಪಾತ್ರವಾಗಿ ಮಾತಾಡುವ ಅರ್ಥಧಾರಿಗಳ ಕೈಯಲ್ಲಿ ಬರೆದ ಡೈಲಾಗ್ ಇರುದಿಲ್ಲ. ಪ್ರಸಂಗ ಗೊತ್ತು, ಪಾತ್ರದ ನಿಲುವು ಗೊತ್ತು, ಎದುರಿನವರು ಎಂತ ಹೇಳಿದ್ರು ಅಂತ ಕೇಳಿ ಅಲ್ಲೇ ಉತ್ತರ ಹುಟ್ಟಬೇಕು. ಮಕ್ಳಿಗೆ ಒಂದು ಕೆಲಸ ಕೊಡಿ: ಮಾತಾಡುವವರನ್ನು ನೋಡ್ಬೇಡಿ, ಸುಮ್ಮನೆ ಕೂತು ಕೇಳುವ ಎದುರು ಪಾತ್ರಧಾರಿಯ ಮುಖ ನೋಡಿ. ಸ್ಟೇಜಲ್ಲಿ ತನ್ನ ಡೈಲಾಗ್ ಇಲ್ಲದಾಗ ಎಂತ ಮಾಡುದು ಅನ್ನುವ ಪ್ರಶ್ನೆಗೆ ಅದಕ್ಕಿಂತ ಒಳ್ಳೆಯ ಪಾಠ ಬೇರೆ ಇಲ್ಲ.

ಇಲ್ಲಿ ಸಾಮಾನ್ಯವಾಗಿ ಆಗುವ ತಪ್ಪು ಮೂರು. ಎಲ್ರೂ ಒಟ್ಟಿಗೆ ಮಾತಾಡುದು, ಆಗ ಒಂದು ಕರ್ಚೀಫು ಇಟ್ಟು ಅದು ಯಾರ ಕೈಯಲ್ಲಿ ಉಂಟೋ ಅವ್ರು ಮಾತ್ರ ಮಾತಾಡ್ಬೇಕು ಅಂತ ಮಾಡಿ. ಎರಡು ನಿಮಿಷದಲ್ಲಿ ಜಗಳ ಹೊಡೆದಾಟಕ್ಕೆ ಹೋಗುದು, ಆಗ "ಮುಟ್ಟದೆ ಗೆಲ್ಬೇಕು" ಅಂತ ನಿಯಮ ಹಾಕಿ. ಮೂರನೆಯದು ಯಾವುದೋ ಸಿನಿಮಾದ ಅಥವಾ ರೀಲ್ಸಿನ ಡೈಲಾಗ್ ತಂದು ಹೊಡೆಯುದು, ಆಗ ನಿಲ್ಲಿಸಿ "ಈ ಅಜ್ಜಿ ಹೀಗೆ ಹೇಳ್ತಾಳಾ?" ಅಂತ ಕೇಳಿದ್ರೆ ಸಾಕು, ಉಳಿದ ಮಕ್ಳೇ ಉತ್ತರ ಕೊಡ್ತಾರೆ.

5. ಸ್ಕ್ರಿಪ್ಟು

ಈಗ ಸ್ಕ್ರಿಪ್ಟು ಬರ್ಬಹುದು. ಮುದ್ರಿತ ನಾಟಕ ತಗೊಳ್ಳುದಾದ್ರೆ ಮೊದ್ಲು ನೀವೊಬ್ಬರೇ ಗಟ್ಟಿಯಾಗಿ ಓದಿ ಟೈಮ್ ನೋಡಿ. ಕೂತು ಓದ್ಲಿಕ್ಕೆ ಇಪ್ಪತ್ತೆರಡು ನಿಮಿಷ ಬೇಕಾದ ನಾಟಕ ಸ್ಟೇಜಲ್ಲಿ ಎಂಟ್ರಿ, ಮೌನ, ಹಾಡು ಸೇರಿ ಸುಲಭದಲ್ಲಿ ಮೂವತ್ತರ ಹತ್ತಿರ ಹೋಗ್ತದೆ. ಒಬ್ಬನೇ ನಾಯಕ, ಉಳಿದವರು ಊರಿನ ಜನ ಅನ್ನುವ ನಾಟಕ ಬೇಡ. ಹತ್ತು ಮಕ್ಳಿದ್ರೆ ಹತ್ತು ಮಂದಿಗೂ ಮಾಡ್ಲಿಕ್ಕೆ ಏನಾದ್ರೂ ಬೇಕು.

ಮಕ್ಳ ಇಂಪ್ರೊವೈಸೇಶನ್‌ನಿಂದಲೇ, ಅಂದ್ರೆ ನಾಲ್ಕನೇ ಹಂತದಲ್ಲಿ ಅವ್ರು ಅಲ್ಲಲ್ಲೇ ಹುಟ್ಟಿಸಿದ ಮಾತಿಂದಲೇ, ನಾಟಕ ಕಟ್ಟುದು ನನಗೆ ಹೆಚ್ಚು ಇಷ್ಟ. ರೇಷನ್ ಅಂಗಡಿಯ ದೃಶ್ಯವನ್ನು ಮೊಬೈಲಲ್ಲಿ ಆಡಿಯೋ ರೆಕಾರ್ಡ್ ಮಾಡಿ, ಕೇಳಿ ಕೇಳಿ ಬರೆಯಿರಿ, ಮತ್ತೆ ಅರ್ಧ ಕತ್ತರಿಸಿ. ಮಕ್ಳು ಒಂದೇ ಮಾತನ್ನು ನಾಲ್ಕು ಸಲ ಹೇಳಿರ್ತಾರೆ. ಕತ್ತರಿಸುವಾಗ ಹುಟ್ಟಿದ ಭಾಷೆಯ ರುಚಿ ಕೆಡದ ಹಾಗೆ ನೋಡಿ, ಅಜ್ಜಿಯ ಒಂದೆರಡು ತುಳು ಮಾತು ಹಾಗೇ ಉಳೀಲಿ, ಅರ್ಥ ಸಂದರ್ಭದಲ್ಲೇ ಗೊತ್ತಾಗುವಂಥದ್ದು ಮಾತ್ರ.

ಕೊನೆಯ ದೃಶ್ಯದಲ್ಲಿ ಒಬ್ಬ ಮುಂದೆ ಬಂದು ಸಮಾಜಕ್ಕೆ ಸಂದೇಶ ಕೊಡುವ ಡೈಲಾಗ್ ಇದ್ರೆ ತೆಗೆದುಬಿಡಿ. ಮೂವತ್ತು ನಿಮಿಷ ನೋಡಿದವರಿಗೆ ಗೊತ್ತಾಗದ್ದು ಅರ್ಧ ನಿಮಿಷದ ಭಾಷಣದಿಂದ ಗೊತ್ತಾಗುದಿಲ್ಲ. ಸಾವು, ಕುಡುಕ ಅಪ್ಪ, ಅಳುವ ಅಮ್ಮ ಇವು ಮೂರೂ ಒಂದೇ ನಾಟಕದಲ್ಲಿ ಇದ್ರೂ ಮತ್ತೊಮ್ಮೆ ಯೋಚನೆ ಮಾಡಿ. ಅಂಥದ್ದನ್ನು ಮನೆಯಲ್ಲೇ ಅನುಭವಿಸಿದ ಮಗು ನಿಮ್ಮ ತಂಡದಲ್ಲಿ ಇರ್ಬಹುದು, ನಿಮಗೆ ಗೊತ್ತಿರ್ಲಿಕ್ಕಿಲ್ಲ.

6. ಪಾತ್ರ ಹಂಚುದು

ಕ್ಲಾಸಿನ ಫಸ್ಟ್ ರ‍್ಯಾಂಕ್ ಮಗುವಿಗೆ, ಪಿ.ಟಿ.ಎ. ಅಧ್ಯಕ್ಷರ ಮಗುವಿಗೆ ದೊಡ್ಡ ಪಾತ್ರ ಕೊಡುದು ನಮ್ಮಲ್ಲಿ ಎಷ್ಟು ಮಾಮೂಲಿ ಅಂದ್ರೆ ಅದು ಯಾರಿಗೂ ತಪ್ಪು ಅಂತಲೇ ಕಾಣುದಿಲ್ಲ. ನೀವು ನಾಲ್ಕನೇ ಹಂತ ಸರಿಯಾಗಿ ಮಾಡಿಸಿದ್ರೆ ಪಾತ್ರ ತಾನಾಗಿ ಹಂಚಿ ಆಗಿರ್ತದೆ. ಯಾವ ಮಗು ಎದುರಿನವರ ಮಾತು ಕೇಳಿ ಉತ್ತರ ಕೊಡ್ತದೋ ಅದಕ್ಕೆ ದೊಡ್ಡ ಪಾತ್ರ. ಚೆಂದ ಮಾತಾಡ್ತದೆ ಆದ್ರೆ ಯಾರನ್ನೂ ಕೇಳುದಿಲ್ಲ ಅನ್ನುವ ಮಗುವಿಗೆ ಸಣ್ಣ ಪಾತ್ರ ಸಾಕು. ಮುಖ್ಯ ಪಾತ್ರಗಳಿಗೆ ಇನ್ನೊಬ್ಬರನ್ನು ಬದಲಿಗೆ ತಯಾರು ಮಾಡಿ, ಚಿಕನ್‌ಪಾಕ್ಸ್, ಜ್ವರ, ಮನೆಯಲ್ಲಿ ಮದುವೆ ಎಂತ ಬೇಕಾದ್ರೂ ಬರ್ಬಹುದು. ದಪ್ಪ, ಕಪ್ಪು, ಕುಳ್ಳ ಅಂತ ಮೈ ನೋಡಿ ತಮಾಷೆ ಪಾತ್ರ ಕೊಡುದು ಬೇಡವೇ ಬೇಡ.

7. ಓದುದು, ಬ್ಲಾಕಿಂಗ್, ಆಮೇಲೆ ಬಾಯಿಪಾಠ

ಮೂರು ತಾಲೀಮು ಸುತ್ತ ಕೂತು ಓದಿ. ಪ್ರತಿ ಮಾತಿಗೂ ಒಂದೇ ಪ್ರಶ್ನೆ: ಈ ಮಾತು ಹೇಳಿ ಎದುರಿನವನಿಂದ ಎಂತ ಆಗ್ಬೇಕು ನಿನಗೆ? ಉತ್ತರವನ್ನು ಮಕ್ಳು ಪೆನ್ಸಿಲಲ್ಲಿ ಬದಿಗೆ ಬರೆಯಲಿ. "ಬೇಸರದಿಂದ", "ಕೋಪದಿಂದ" ಅಂತ ಬರೆದ್ರೆ ಅಳಿಸಿ, "ಅವನನ್ನು ಒಪ್ಪಿಸ್ಲಿಕ್ಕೆ", "ಅವಳ ಬಾಯಿ ಮುಚ್ಚಿಸ್ಲಿಕ್ಕೆ" ಅಂತ ಬರೆಸಿ. "ಬಸ್ಸು ಬಂತಾ?" ಅನ್ನುವ ಎರಡು ಪದವನ್ನು ಅಂಗಡಿಯವನಿಗೆ ಅವಸರ ಮಾಡ್ಲಿಕ್ಕೆ, ಅಜ್ಜಿಗೆ ನೋವಾಗದ ಹಾಗೆ ಎಚ್ಚರಿಸ್ಲಿಕ್ಕೆ, ತನ್ನ ಸಂಕಟ ಮುಚ್ಚಿಟ್ಟು ಸುಮ್ಮನೆ ಕೇಳಿದ ಹಾಗೆ ಮಾಡ್ಲಿಕ್ಕೆ ಅಂತ ಮೂರು ರೀತಿ ಹೇಳಿಸಿ ನೋಡಿ. ಸ್ವರ ಏರಿಳಿತ ನೀವು ಕಲಿಸ್ಬೇಕಾಗುದೇ ಇಲ್ಲ.

ಆಮೇಲೆ ಎದ್ದು ನಿಂತು ಬ್ಲಾಕಿಂಗ್, ಅಂದ್ರೆ ಯಾರು ಎಲ್ಲಿ ನಿಲ್ಲುದು, ಎಲ್ಲಿಂದ ಎಲ್ಲಿಗೆ ಹೋಗುದು ಅಂತ ಗೊತ್ತು ಮಾಡುದು. ನೆಲದಲ್ಲಿ ಟೇಪಿಂದ ಸ್ಟೇಜಿನ ಅಳತೆ ಗುರುತು ಮಾಡಿ, ಸೈಡ್ ವಿಂಗ್ (ಪಾತ್ರಗಳು ಒಳಗೆ ಹೊರಗೆ ಹೋಗುವ ಬದಿಯ ಮರೆ) ಎಲ್ಲಿ, ಅಂಗಡಿಯ ಮೇಜು ಎಲ್ಲಿ, ಎಲ್ಲ. ಎಡ ಬಲ ಅಂದ್ರೆ ಪ್ರೇಕ್ಷಕರ ಕಡೆ ಮುಖ ಮಾಡಿ ನಿಂತ ನಟನ ಎಡ ಬಲ, ಇದನ್ನು ಮೊದಲ ದಿನವೇ ಗಟ್ಟಿ ಮಾಡಿ. ಯಾರು ಯಾವ ಮಾತಿಗೆ ಎಲ್ಲಿಂದ ಎಲ್ಲಿಗೆ ಹೋದ್ರು ಅಂತ ನಿಮ್ಮ ಆ ಉದ್ದದ ನೋಟ್‌ಬುಕ್ಕಲ್ಲಿ, ಒಂದು ಪುಟದಲ್ಲಿ ಸ್ಕ್ರಿಪ್ಟು ಅಂಟಿಸಿ ಎದುರು ಪುಟದಲ್ಲಿ ಸಣ್ಣ ನಕ್ಷೆ ಹಾಕಿ ಬರೆದಿಡಿ. ಬರೆಯದಿದ್ರೆ ಮುಂದಿನ ವಾರ ಹುಡುಗ "ನಾನು ಇಲ್ಲೇ ನಿಂತದ್ದು ಸರ್", ಹುಡುಗಿ "ಅಲ್ಲ, ಅದು ನನ್ನ ಜಾಗ ಸರ್" ಅಂತ ಅರ್ಧ ಗಂಟೆ ಅಲ್ಲೇ ಹೋಗ್ತದೆ.

ಬ್ಲಾಕಿಂಗಲ್ಲಿ ನೋಡ್ಬೇಕಾದ್ದು: ಮಾತಾಡುವವನ ಎದುರು ಇನ್ನೊಬ್ಬ ಅಡ್ಡ ನಿಂತಿದ್ದಾನಾ, ಇಬ್ಬರು ಮಾತಾಡುವಾಗ ಪೂರ್ತಿ ಎದುರುಬದುರು ತಿರುಗಿ ಪ್ರೇಕ್ಷಕರಿಗೆ ಕೆನ್ನೆ ಮಾತ್ರ ಕಾಣ್ತದಾ, ಸ್ವಲ್ಪ ಓರೆಯಾಗಿ ನಿಂತ್ರೆ ಸಾಕು. ಇನ್ನೊಬ್ಬರ ಮುಖ್ಯ ಮಾತಿನ ಮಧ್ಯೆ ನಡೆದಾಡ್ಬಾರ್ದು, ಕಣ್ಣು ಚಲನೆಯ ಹಿಂದೆ ಹೋಗ್ತದೆ. ಎಲ್ಲ ಮುಖ್ಯ ದೃಶ್ಯವೂ ಸ್ಟೇಜಿನ ನಟ್ಟನಡುವೆ ಬಂದ್ರೆ ನಾಟಕ ಫೋಟೋ ಸ್ಟುಡಿಯೋದಂತೆ ಕಾಣ್ತದೆ, ಒಂದು ದೃಶ್ಯ ಮೂಲೆಯಲ್ಲಿ ನಡೀಲಿ.

ಈಗ ಬಾಯಿಪಾಠ. ಯಾವ ಮಾತು ಯಾವ ಹೆಜ್ಜೆಯ ಜೊತೆ, ಯಾರ ಮುಖ ನೋಡಿ ಅಂತ ಮೈಗೆ ಗೊತ್ತಾದ ಮೇಲೆ ಡೈಲಾಗ್ ಕಲಿಯುದು ಬಹಳ ಸುಲಭ, ಅರ್ಧ ಬಂದೇ ಆಗಿರ್ತದೆ. ಮನೆಯಲ್ಲಿ ತನ್ನ ಮಾತು ಮಾತ್ರ ಕಲಿಯದೆ ಅದರ ಹಿಂದಿನ ಮಾತಿನ ಕೊನೆಯ ನಾಲ್ಕು ಪದವನ್ನೂ ಕಲಿಯಲಿ, ಅದೇ ಅವನ ಕ್ಯೂ, ಅಂದ್ರೆ ತನ್ನ ಮಾತು ಶುರು ಮಾಡ್ಲಿಕ್ಕೆ ಸೂಚನೆ. ಒಂದು ತಾರೀಕು ಗೊತ್ತು ಮಾಡಿ, ಅಲ್ಲಿಂದ ಮುಂದೆ ಸ್ಕ್ರಿಪ್ಟು ಕೈಯಲ್ಲಿ ಇಲ್ಲ. ಮತ್ತೆ ಒಂದು ವಾರ ಮಾತ್ರ ಪ್ರಾಂಪ್ಟ್. ಸೈಡ್ ವಿಂಗಲ್ಲಿ ನಿಂತು ಹೇಳಿಕೊಡುವವರು ಕೊನೆವರೆಗೂ ಇದ್ರೆ ಮಕ್ಳ ಕಿವಿ ಎದುರಿನ ಪಾತ್ರದ ಕಡೆ ಇರುದಿಲ್ಲ, ವಿಂಗಿನ ಕಡೆ ಇರ್ತದೆ. ಮರೆತ್ರೆ ಎಂತ ಮಾಡುದು? ನಾಲ್ಕನೇ ಹಂತ ಮಾಡಿದ ಮಕ್ಳಿಗೆ ತನಗೆ ಎಂತ ಬೇಕು ಅಂತ ಗೊತ್ತುಂಟು, ಸ್ವಂತ ಮಾತಲ್ಲಿ ಹೇಳಿ ಮುಂದೆ ಹೋಗ್ತಾರೆ.

ಎಚ್ಚರಿಕೆ: ಒಬ್ಬರು ಮಾತಾಡುವಾಗ ಇನ್ನೊಬ್ಬರ ತುಟಿ ಅಲುಗ್ತದಾ ನೋಡಿ. ಅಲುಗಿದ್ರೆ ಆ ಮಗು ಕೇಳ್ತಾ ಇಲ್ಲ, ಒಳಗೇ ಇಡೀ ಸ್ಕ್ರಿಪ್ಟು ಓದ್ತಾ ಉಂಟು. ಆ ದೃಶ್ಯವನ್ನು ಮತ್ತೊಮ್ಮೆ ಮನೆ ಭಾಷೆಯಲ್ಲಿ ಮಾಡಿಸಿ, ಕೂಡ್ಲೇ ಬಿಟ್ಟುಹೋಗ್ತದೆ.

8. ಪರಿಕರ, ಬಟ್ಟೆ, ಮೇಕಪ್, ಸಂಗೀತ

ಪರಿಕರ ಕೊನೆಯ ದಿನ ತರುವಂಥದ್ದಲ್ಲ. ಬ್ಲಾಕಿಂಗಿನ ಮೊದಲ ದಿನದಿಂದಲೇ ಅದೇ ತೂಕದ ಬದಲಿ ವಸ್ತು ಕೈಯಲ್ಲಿ ಬೇಕು, ಮೆಷಿನಿನ ಜಾಗಕ್ಕೆ ಒಂದು ಪೆನ್ಸಿಲ್ ಬಾಕ್ಸು ಸಾಕು. ಸೀರೆ, ಮುಂಡು ಉಡುವ ಪಾತ್ರಗಳು ಕೊನೆಯ ಎರಡು ವಾರ ಅದನ್ನೇ ಉಟ್ಟು ತಾಲೀಮು ಮಾಡ್ಬೇಕು, ಇಲ್ಲದಿದ್ರೆ ಸ್ಟೇಜಲ್ಲಿ ಎಡವ್ತಾರೆ. ಅಜ್ಜಿ ಅಂದ ಕೂಡ್ಲೇ ತಲೆಗೆ ಬಿಳಿ ಪೌಡರ್ ಸುರಿಯುದು ಬೇಡ, ನಡಿಗೆಯಲ್ಲಿ ಪ್ರಾಯ ಕಂಡ್ರೆ ಪೌಡರ್ ಬೇಡ, ಕಾಣದಿದ್ರೆ ಪೌಡರಿಂದಲೂ ಬರುದಿಲ್ಲ. ಮೇಕಪ್ ಹಾಕುವುದಾದ್ರೆ ಹಿಂದಿನ ದಿನ ಮೊಣಕೈಯ ಒಳಬದಿಗೆ ಸ್ವಲ್ಪ ಹಚ್ಚಿ ಅಲರ್ಜಿ ಉಂಟಾ ನೋಡಿ.

ಯೂಟ್ಯೂಬಿಂದ ತೆಗೆದ ಹಿನ್ನೆಲೆ ಸಂಗೀತ ನಾಟಕದ ಉದ್ದಕ್ಕೂ ಹಾಕಿದ್ರೆ ಮಕ್ಳ ಮಾತು ಮುಳುಗಿ ಹೋಗ್ತದೆ. ಸ್ಟೇಜಿಗೆ ಹತ್ತದ ಮಕ್ಳಲ್ಲಿ ಚೆಂಡೆ, ಮದ್ದಳೆ, ಹಾರ್ಮೋನಿಯಂ ಗೊತ್ತಿರುವವರು ಇದ್ರೆ ಅವ್ರಿಂದಲೇ ಮಾಡಿಸಿ, ಆದ್ರೆ ವಾದ್ಯದವರು ಸ್ಪರ್ಧೆಯಲ್ಲಿ ಲೆಕ್ಕಕ್ಕೆ ಬರ್ತಾರಾ ಅಂತ ಮ್ಯಾನ್ಯುವಲ್ಲಲ್ಲಿ ಮೊದ್ಲೇ ನೋಡಿ.

9. ಪೂರ್ತಿ ಓಟ

ಕೊನೆಯ ಮೂರು ವಾರ ನಾಟಕವನ್ನು ನಿಲ್ಲಿಸದೆ ಪೂರ್ತಿ ಓಡಿಸ್ಬೇಕು. ಮಧ್ಯೆ ಎಂತ ತಪ್ಪಾದ್ರೂ ನೀವು ಬಾಯಿ ಬಿಡ್ಬೇಡಿ, ಬರ್ಕೊಳ್ಳಿ. ಮುಗಿದ ಮೇಲೆ ಒಬ್ಬ ಮಗುವಿಗೆ ಹೆಚ್ಚೆಂದ್ರೆ ಎರಡು ಮಾತು ಹೇಳಿ, ಹತ್ತು ಹೇಳಿದ್ರೆ ಒಂದೂ ನೆನಪಿರುದಿಲ್ಲ. ಪ್ರತಿ ಓಟದ ಟೈಮ್ ನೋಟ್‌ಬುಕ್ಕಲ್ಲಿ ಬರೆಯಿರಿ, 27 ನಿಮಿಷದ ಒಳಗೆ ನಿಲ್ಬೇಕು, ಪ್ರೇಕ್ಷಕರು ನಕ್ಕಾಗ ಕಾಯ್ಲಿಕ್ಕೆ, ಬೆಂಚು ಸರಿಸ್ಲಿಕ್ಕೆ ಅಲ್ಲಿ ಸಮಯ ಹೋಗ್ತದೆ.

ಒಂದು ಓಟ ಗ್ರೌಂಡಲ್ಲಿ ಮೈಕ್ ಇಲ್ಲದೆ, ಒಂದು ಐದನೇ ಕ್ಲಾಸಿನ ಮಕ್ಳ ಎದುರು. ಸಣ್ಣ ಮಕ್ಳು ಸುಳ್ಳು ಹೊಗಳುದಿಲ್ಲ, ಬೋರಾದ ಜಾಗದಲ್ಲಿ ಕೂಡ್ಲೇ ಮಾತಾಡ್ಲಿಕ್ಕೆ ಶುರು ಮಾಡ್ತಾರೆ, ಆ ಜಾಗ ಗುರುತು ಮಾಡಿ ಕತ್ತರಿಸಿ. ಮತ್ತೊಂದು ಓಟ ಡಬಲ್ ಸ್ಪೀಡಲ್ಲಿ, ಮಾತು ಮತ್ತು ಹೆಜ್ಜೆ ಎರಡೂ. ಎಲ್ಲಿ ತಡವರಿಸ್ತಾರೋ ಅಲ್ಲಿ ಕ್ಯೂ ಗಟ್ಟಿ ಇಲ್ಲ.

ಕೊನೆಯ ಮೂರು ದಿನ ಹೊಸ ಐಡಿಯಾ ಸೇರಿಸ್ಬೇಡಿ. ನೋಡ್ಲಿಕ್ಕೆ ಬಂದ ಹಳೇ ವಿದ್ಯಾರ್ಥಿ, ಊರಿನ ಕಲಾವಿದರು, ಬೇರೆ ಟೀಚರ್‌ಗಳು ಒಬ್ಬೊಬ್ಬರು ಒಂದೊಂದು ಹೇಳ್ತಾರೆ. ಅವ್ರ ಮಾತನ್ನು ಗೌರವದಿಂದ ನೀವು ಕೇಳಿ, ಮಕ್ಳಿಗೆ ಸೀದಾ ಹೇಳ್ಲಿಕ್ಕೆ ಬಿಡ್ಬೇಡಿ.

10. ಸ್ಪರ್ಧೆಯ ದಿನ

ಬೆಳಗ್ಗೆ ಬೇಗ ಹೋಗಿ ಸ್ಟೇಜ್ ನೋಡಿ: ಅಗಲ ಎಷ್ಟು, ಹಲಗೆ ಅಲುಗ್ತದಾ, ಮೈಕ್ ಮೇಲಿಂದ ಇಳಿಸಿದ್ದಾ ನೆಲದಲ್ಲಿ ಇಟ್ಟದ್ದಾ. ನೆಲದ ಮೈಕಿನ ಹತ್ತಿರ ಕಾಲು ಬಡಿದ್ರೆ ಪೆಂಡಾಲಿಡೀ ಧಡ್ ಅಂತದೆ. ನೀವು ಅಭ್ಯಾಸ ಮಾಡಿದ ಅಳತೆಗಿಂತ ಸ್ಟೇಜ್ ಸಣ್ಣದಾದ್ರೆ ಮಕ್ಳನ್ನು ಖಾಲಿ ಜಾಗಕ್ಕೆ ಕರ್ಕೊಂಡು ಹೋಗಿ ಆ ಅಳತೆಯಲ್ಲಿ ಎಂಟ್ರಿ ಎಕ್ಸಿಟ್ ಮಾತ್ರ ಒಮ್ಮೆ ನಡೆಸಿ, ಡೈಲಾಗ್ ಬೇಡ.

ಸರದಿ ಹೇಳಿದ ಹೊತ್ತಿಗೆ ಬರುದಿಲ್ಲ, ಕಲೋತ್ಸವದಲ್ಲಿ ಇದು ಇದ್ದದ್ದೇ, ಮಧ್ಯಾಹ್ನದ್ದು ರಾತ್ರಿಗೆ ಹೋಗ್ಬಹುದು. ಹಾಗಾಗಿ ಮೇಕಪ್ ಹಾಕಿ ಗಂಟೆಗಟ್ಟಲೆ ಕೂರಿಸ್ಬೇಡಿ. ಹೊಟ್ಟೆಗೆ ಸ್ವಲ್ಪ ಗಂಜಿಯೋ ಇಡ್ಲಿಯೋ ಹಾಕಿಸಿ, ಎಣ್ಣೆತಿಂಡಿ ಬೇಡ, ನೀರು ಆಗಾಗ. ಹತ್ತುವ ಅರ್ಧ ಗಂಟೆ ಮೊದ್ಲು ಮೂರನೇ ಹಂತದ ಹತ್ತು ನಿಮಿಷದ ಸ್ವರಾಭ್ಯಾಸ, ಆಮೇಲೆ ಎರಡನೇ ಹಂತದ ಒಟ್ಟಿಗೆ ನಿಲ್ಲುವ ಆಟ ಒಂದೆರಡು ಸಲ. ಪರಿಕರದ ಪಟ್ಟಿ ಒಬ್ಬ ಮಗುವಿನ ಕೈಯಲ್ಲಿ, ಅವನೇ ಎಣಿಸಿ ಒಳಗಿಡುದು, ಮುಗಿದ ಮೇಲೆ ಅವನೇ ಎಣಿಸಿ ತರುದು.

ನಾಟಕ ನಡೆಯುವಾಗ ವಿಂಗಲ್ಲಿ ನಿಂತು ಕೈಸನ್ನೆ ಮಾಡ್ಬೇಡಿ, ಪ್ರೇಕ್ಷಕರ ಜೊತೆ ಹಿಂದೆ ಹೋಗಿ ಕೂತ್ಕೊಳ್ಳಿ. ರಿಸಲ್ಟ್ ಬಂದ ಮೇಲೆ ಗ್ರೇಡ್ ಯಾವುದೇ ಇರ್ಲಿ, ಆ ರಾತ್ರಿ ವಿಮರ್ಶೆ ಬೇಡ, ಮಕ್ಳನ್ನು ಸರಿಯಾಗಿ ಮನೆಗೆ ಮುಟ್ಟಿಸಿ. ಎರಡು ದಿನ ಬಿಟ್ಟು ಎಲ್ರನ್ನೂ ಕೂರಿಸಿ ಕೇಳಿ: ಯಾವ ಜಾಗದಲ್ಲಿ ಎದುರಿನವನ ಮಾತು ನಿಜವಾಗಿ ಕೇಳಿಸಿತು, ಯಾವ ಜಾಗದಲ್ಲಿ ಕೇಳಿಸ್ಲಿಲ್ಲ? ಹೇಳಿದ್ದನ್ನು ಅದೇ ನೋಟ್‌ಬುಕ್ಕಿನ ಕೊನೆಯ ಪುಟಗಳಲ್ಲಿ ಬರೆದಿಡಿ, ಎಂಟು ಒಂಬತ್ತರ ಮಕ್ಳ ಹೆಸರಿನ ಎದುರು ಗುರುತು ಹಾಕಿ, ಮುಂದಿನ ಜೂನ್‌ನಲ್ಲಿ ಹೊಸ ಮಕ್ಳಿಗೆ ನಡೆಯುವ ಮತ್ತು ನಿಲ್ಲುವ ಆಟ ಕಲಿಸುದು ಅವ್ರೇ.